ರಥ ಹೊರಡುವ ಮೊದಲಿನ ಕರೆ

ಭಟ್ಕಳದ ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ ರಾಮನವಮಿಯಂದು ನಡೆಯುತ್ತದೆ. ತೇರು ಎಳೆಯುವ ಮೊದಲು ದೇವಸ್ಥಾನದವರು ಊರಿನ ಹಳೆಯ ಮುಸ್ಲಿಂ ಮನೆತನವೊಂದಕ್ಕೆ ಹೋಗಿ ಆಮಂತ್ರಣ ಕೊಡುವುದು ವಾಡಿಕೆ. ಪತ್ರಿಕೆಗಳು ಇದನ್ನು ಸೌಹಾರ್ದದ ಸುದ್ದಿಯಾಗಿ ಅಚ್ಚು ಹಾಕಿ ಸುಮ್ಮನಾಗುತ್ತವೆ. ಬೇರೆಬೇರೆ ಸಮುದಾಯಗಳ ನಡುವೆ ನಿಂತು ಮುಂದಾಳುತನ ಮಾಡಬೇಕಾದವರಿಗೆ ಇದರಲ್ಲಿ ಕಲಿಯುವುದು ಅದಕ್ಕಿಂತ ಹೆಚ್ಚಿದೆ.

ಹಬ್ಬ ಯಾರದ್ದೋ ಅವರೇ ಎದ್ದು ಇನ್ನೊಬ್ಬರ ಹೊಸ್ತಿಲಿಗೆ ಹೋಗುತ್ತಾರೆ, ಅದೂ ಊರು ನೆಮ್ಮದಿಯಾಗಿರುವಾಗ. ನಿಮ್ಮ ನಂಬಿಕೆ ಸಡಿಲಿಸಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಇದರ ಪಕ್ಕದಲ್ಲಿ ಚೌತಿ, ಈದ್ ಬಂದಾಗ ಕರೆಯುವ ಶಾಂತಿ ಸಭೆಯನ್ನಿಟ್ಟು ನೋಡಿ. ಅಲ್ಲಿ ಕರೆಯುವವರು ಪೊಲೀಸರು, ಮಾತಾಡುವವರು ಅಧಿಕಾರಿಗಳು, ಕೂತಿರುವವರು ಪ್ರತಿ ಸಲದ ಅದೇ ಹಿರಿಯರು. ಕಾನೂನಿನ ಭಯ ನೆನಪಿಸಲು ಅದು ಸಾಕು. ನೆರೆಯವನನ್ನು ಅರಿಯಲು ಸಾಲದು.

ಆದರೆ ಆಮಂತ್ರಣದ ಪದ್ಧತಿಯನ್ನು ಬರೀ ಹೊಗಳುವುದೂ ತಪ್ಪು. 1993ರಲ್ಲಿ ಭಟ್ಕಳವನ್ನು ತಿಂಗಳುಗಟ್ಟಲೆ ಸುಟ್ಟ ಗಲಭೆ ಹೊತ್ತಿಕೊಂಡದ್ದು ರಾಮನವಮಿಯ ಹೊತ್ತಿಗೇ. ಜಗನ್ನಾಥ ಶೆಟ್ಟಿ ಆಯೋಗ ಅದರ ವಿಚಾರಣೆ ನಡೆಸಬೇಕಾಯಿತು. ಒಂದು ದೇವಸ್ಥಾನಕ್ಕೂ ಒಂದು ಮನೆಗೂ ಇರುವ ಮರ್ಯಾದೆ ಬೀದಿಯಲ್ಲಿ ಸಿಟ್ಟಿಗೆದ್ದ ಹುಡುಗರನ್ನು ತಲುಪುವುದಿಲ್ಲ. ಹೆಂಗಸರಿಗಂತೂ ಇಂಥ ವ್ಯವಹಾರಗಳಲ್ಲಿ ಜಾಗವೇ ಇಲ್ಲ.

ಒಬ್ಬರನ್ನೊಬ್ಬರು ತಲುಪದ ಈ ಕೊರತೆ ಭಾಷೆಯ ವಿಷಯದಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ. ಭಟ್ಕಳದ ಮುಸ್ಲಿಂ ಸಮುದಾಯವಾದ ನವಾಯತರ ಮನೆಮಾತು ನವಾಯತಿ, ಕೊಂಕಣಿಯ ಹತ್ತಿರದ ನೆಂಟ. ಭಟ್ಕಳದಿಂದ ಆ ಮಾತಿನಲ್ಲಿ ಬರುವ ‘ನಕ್ಷೆ ನವಾಯತ್’ ಪತ್ರಿಕೆಯನ್ನು ಓದಿ ಹೇಳಿದರೆ ಕುಮಟಾ ಪೇಟೆಯ ಕೊಂಕಣಿಗರಿಗೆ ಎಷ್ಟೋ ಅರ್ಥವಾದೀತು; ಲಿಪಿ ಉರ್ದುವಿನದಾದ್ದರಿಂದ ಕಣ್ಣಿಗೆ ಅದು ಪರಕೀಯ. 2022ರಲ್ಲಿ ಭಟ್ಕಳ ಪುರಸಭೆ ಕಟ್ಟಡದ ಮೇಲೆ ಉರ್ದುವಿನಲ್ಲೂ ಹೆಸರು ಬರೆಸಿದ್ದು ದೊಡ್ಡ ವಿವಾದವಾಗಿ, ಕೊನೆಗೆ ಆ ಅಕ್ಷರಗಳನ್ನು ತೆಗೆಯಲಾಯಿತು. ಆಗ ಕಿವಿಗೆ ಬಿದ್ದದ್ದು ನಿಯಮ ಮತ್ತು ಹಕ್ಕಿನ ಮಾತು. ಬರೆಸುವ ಮೊದಲೇ ಎದುರು ಬದುರು ಕೂತು ಮಾತಾಡುವ ಅಭ್ಯಾಸ ಇದ್ದಿದ್ದರೆ ಅದು ಬೀದಿಗೆ ಬರಬೇಕಿರಲಿಲ್ಲ ಎಂದೇ ನನಗನಿಸುತ್ತದೆ.

ಇಂಥ ಅಭ್ಯಾಸ ಇಲ್ಲದಿರುವುದು ಭಟ್ಕಳದಲ್ಲಷ್ಟೇ ಅಲ್ಲ. ನೆರೆಯ ಹೊನ್ನಾವರದಲ್ಲಿ 2017ರ ಡಿಸೆಂಬರ್‌ನಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಿದಾಗ ವದಂತಿ ಎಲ್ಲರಿಗಿಂತ ಮುಂದೆ ಓಡಿತು. ಕುಮಟಾದಲ್ಲಿ ಪೊಲೀಸ್ ವಾಹನಕ್ಕೆ ಬೆಂಕಿ ಬಿತ್ತು. ಆ ಯುವಕನದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಬೆಳೆದ ಅನುಮಾನವನ್ನು ಯಾವ ವರದಿಯೂ ಅಳಿಸಲಾರದು. ಎರಡೂ ಕಡೆ ನಂಬಿಕೆ ಉಳಿಸಿಕೊಂಡವರು, ರಾತ್ರಿ ಹನ್ನೆರಡಕ್ಕೂ ಫೋನ್ ಮಾಡಿ ‘ನಿಜ ಏನು’ ಎಂದು ಕೇಳಬಲ್ಲವರು ಪ್ರತಿ ಕೇರಿಯಲ್ಲಿ ನಾಲ್ಕು ಮಂದಿ ಬೇಕು. ಅಂಥವರು ಗಲಭೆಯ ದಿನ ದಿಢೀರನೆ ಹುಟ್ಟುವುದಿಲ್ಲ.

ರಾಮನವಮಿಯ ಆಮಂತ್ರಣ ನಿಲ್ಲಬಾರದು. ದೇವಸ್ಥಾನದ ಹಿರಿಯರಲ್ಲಿ, 1912ರಿಂದ ಇರುವ ಭಟ್ಕಳದ ಮುಸ್ಲಿಂ ಸಂಸ್ಥೆ ತಂಜೀಂನ ಮುಖಂಡರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಸಲ ಆ ಮನೆಗೆ ಹೋಗುವಾಗ, ಬರಮಾಡಿಕೊಳ್ಳುವಾಗ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರನ್ನೂ ಜೊತೆಗೆ ಕರೆದುಕೊಳ್ಳಿ. ಹಬ್ಬವಿಲ್ಲದ ತಿಂಗಳಲ್ಲೂ ಒಮ್ಮೆ ಹೋಗಿ ಬನ್ನಿ.