ಮಲಗುವ ಲೈ, ಮಲಗಿಸುವ ಲೇ

ಬಾಬ್ ಡಿಲನ್ 1969ರಲ್ಲಿ ಹಾಡಿದ 'ಲೇ ಲೇಡಿ ಲೇ' ಇಂಗ್ಲಿಷ್ ಮೇಷ್ಟ್ರುಗಳಿಗೆ ಹಳೆಯ ತಲೆನೋವು. ಮಲಗು ಎನ್ನಲು 'ಲೈ' ಬೇಕು. 'ಲೇ' ಎಂದರೆ ಮಲಗಿಸು, ಇಡು. ಹಾಡಿನ ಬಗ್ಗೆ ನನ್ನ ತಕರಾರಿಲ್ಲ. ಅಲ್ಲಿ 'ಲೈ' ಹಾಕಿದರೆ ಸದ್ದಿನ ಸೊಗಸೇ ಹೋಗುತ್ತದೆ. ಬೈರನ್‌ನಂಥ ಬೈರನ್ನೇ 'ಚೈಲ್ಡ್ ಹೆರಾಲ್ಡ್' ಕಾವ್ಯದ ಕೊನೆಯ ಭಾಗದಲ್ಲಿ ಪ್ರಾಸಕ್ಕೆ ಕಟ್ಟುಬಿದ್ದು 'ಲೈ' ಇರಬೇಕಾದಲ್ಲಿ 'ಲೇ' ತಂದಿದ್ದಾನೆ. ಆದರೆ ಯೋಗ ತರಗತಿಯ ಶವಾಸನಕ್ಕೆ ಪ್ರಾಸದ ಹಂಗಿಲ್ಲವಲ್ಲ! 'ಲೇ ಡೌನ್' ಎಂಬ ಅಪ್ಪಣೆ ಕೇಳಿದರೆ, ಯಾರನ್ನು ಸ್ವಾಮಿ, ಎನ್ನಬೇಕೆನಿಸುತ್ತದೆ.

ಈ ಭೇದ ನಮಗೇನೂ ಹೊಸದಲ್ಲ. ಮಲಗು–ಮಲಗಿಸು, ಕೂರು–ಕೂರಿಸು ಎಂಬಲ್ಲಿ ಕನ್ನಡದ ಯಾವ ಮಗುವೂ ತಪ್ಪುವುದಿಲ್ಲ. ಇಂಗ್ಲಿಷಿನ ಮೂಲಭಾಷೆಯಲ್ಲೂ ನಮ್ಮ 'ಇಸು'ವಿನಂಥ ಪ್ರತ್ಯಯವೊಂದಿತ್ತು. ಅದು ಸವೆದು ಉದುರಿತು. ಉದುರುವ ಮುನ್ನ ಧಾತುವಿನ ಸ್ವರವನ್ನು ಬದಲಿಸಿ ಹೋಯಿತು. ಹಾಗಾಗಿ 'ಸಿಟ್' ಕೂರುವುದು, 'ಸೆಟ್' ಕೂರಿಸುವುದು. 'ಫಾಲ್' ಬೀಳುವುದು, ಮರ ಕಡಿಯುವವರ 'ಫೆಲ್' ಬೀಳಿಸುವುದು. ನನಗೆ ಬಲು ಇಷ್ಟವಾದ ಜೋಡಿ 'ಡ್ರಿಂಕ್' ಮತ್ತು 'ಡ್ರೆಂಚ್'. ಮಳೆಯಲ್ಲಿ ತೊಯ್ದು ತೊಪ್ಪೆಯಾಗುವುದಕ್ಕೆ ಇಂದು ಸಲ್ಲುವ 'ಡ್ರೆಂಚ್' ಮೊದಲು ಕುಡಿಸುವುದೇ ಆಗಿತ್ತು. ದನದ ಬಾಯಿಗೆ ಗೊಟ್ಟದಲ್ಲಿ ಔಷಧಿ ಹೊಯ್ಯುವುದನ್ನು ಪಶುವೈದ್ಯರು ಈಗಲೂ ಡ್ರೆಂಚ್ ಎಂದೇ ಕರೆಯುತ್ತಾರೆ.

ಇಷ್ಟಿದ್ದೂ ಎಡವುವುದು ಭೂತಕಾಲದಲ್ಲಿ. 'ಲೈ'ಯ ಭೂತರೂಪವೇ 'ಲೇ'! ನಿನ್ನೆ ನಾನು ಮಲಗಿದೆ: 'ಐ ಲೇ'. ನಿನ್ನೆ ಮಗುವನ್ನು ಮಲಗಿಸಿದೆ: 'ಐ ಲೇಡ್'. ಸಾಲದ್ದಕ್ಕೆ ಸುಳ್ಳು ಹೇಳುವ ಇನ್ನೊಂದು 'ಲೈ' ಬೇರೆ ಇದೆ, ಅದರದು 'ಲೈಡ್'. ರಜೆಯ ಅರ್ಜಿಯಲ್ಲಿ 'ದಿನವಿಡೀ ಹಾಸಿಗೆಯಲ್ಲಿ ಲೈಡ್' ಎಂದು ಬರೆದವರು ಪಾಪ, ತಪ್ಪೊಪ್ಪಿಗೆ ಬರೆದುಕೊಟ್ಟಂತಾಗುತ್ತದೆ. 'ಹ್ಯಾವ್' ಜತೆಗೆ ಬರುವ 'ಲೇನ್' ಎಂಬ ರೂಪ ಸರಿಯೇ, ಆದರೆ ಮಾತಿನಲ್ಲಿ ತುಸು ಗಂಜಿ ಹಾಕಿದ ಹಾಗೆ ಕೇಳಿಸುತ್ತದೆ.

ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: 'ಏನನ್ನು, ಯಾರನ್ನು' ಎಂಬ ಪ್ರಶ್ನೆಗೆ ಉತ್ತರವಿದ್ದರೆ 'ಲೇ', ಇಲ್ಲದಿದ್ದರೆ 'ಲೈ'. ಕೋಳಿಯ ವಿಷಯದಲ್ಲಿ ಮಾತ್ರ ಹುಷಾರು. 'ದ ಹೆನ್ ಈಸ್ ಲೇಯಿಂಗ್' ಎಂದಷ್ಟೇ ಹೇಳಿ ಸಾಕಣೆದಾರರು ಸುಮ್ಮನಾಗುತ್ತಾರೆ. ಮೊಟ್ಟೆಯನ್ನು ಎಂಬುದು ಕೇಳುವವರಿಗೆ ಬಿಟ್ಟದ್ದು.