ಹದಿಹರೆಯದವರ ಕಥನ ಮತ್ತು ಅದರ ವೇದಿಕೆಗಳು: ತೊಂಡೇಬಾವಿ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಒಂದು ಹೋಬಳಿ ಕೇಂದ್ರ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಇದರದೊಂದು ನಿಲ್ದಾಣವಿದೆ; ಸಿಮೆಂಟು ಕಾರ್ಖಾನೆಯೂ ಇದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ರೂಪುಗೊಂಡಾಗ ಈ ಸೀಮೆ ಹೊಸ ಜಿಲ್ಲೆಗೆ ಸೇರಿತು. ಆಂಧ್ರದ ಗಡಿ ಹತ್ತಿರದಲ್ಲಿದ್ದು, ಈ ಭಾಗದ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಸಂತೆಯಲ್ಲಿ ಎರಡೂ ಬೆರೆತ ಮಾತು. ಮುಸ್ಲಿಮರ ಮನೆಗಳಲ್ಲಿ ದಖನಿ ಉರ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲಿಯೂ ರಚನೆ ಮಾಡಿದರೆಂಬುದು ಈ ಸೀಮೆಯ ಜನರಿಗೆ ಅಚ್ಚರಿಯ ಸಂಗತಿಯಲ್ಲ. ಇಂತಹ ಪರಿಸರದಲ್ಲಿ ಹದಿನಾಲ್ಕು ಹದಿನಾರರ ಹುಡುಗಿಯೊಬ್ಬಳು ತನ್ನ ಕಥೆಯನ್ನು ಬರೆಯಲು ಕುಳಿತರೆ ಅದನ್ನು ಯಾರಿಗೆ, ಯಾವ ಭಾಷೆಯಲ್ಲಿ, ಯಾವ ಹೆಸರಿನಲ್ಲಿ ಹೇಳಬೇಕು ಎಂಬ ಪ್ರಶ್ನೆ ಸಾಹಿತ್ಯಕ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹದಿಹರೆಯದಲ್ಲಿ ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಬಡತನದ ಆ ನಡಿಗೆ ಈಗ ನಾಡಿಗೇ ಪರಿಚಿತವಾದ ಕಥನ. ಆದರೆ ಅದು ಗ್ರಂಥಸ್ಥವಾದದ್ದು ಅವರ ಇಳಿವಯಸ್ಸಿನಲ್ಲಿ, ‘ಹೋರಾಟದ ಹಾದಿ’ ಎಂಬ ಆತ್ಮಕಥೆಯ ಮೂಲಕ. ಆ ವೇಳೆಗೆ ಅವರು ಕುಲಪತಿಯಾಗಿ, ವಿಚಾರವಾದಿಯಾಗಿ ಹೆಸರಾಗಿದ್ದರು. ಸಾಧನೆಯ ತುದಿ ಮುಟ್ಟಿದವರ ಬಾಲ್ಯಕ್ಕೆ ಮಾತ್ರ ಓದುಗರಿರುತ್ತಾರೆ. ನಡೆಯುತ್ತಿರುವಾಗಲೇ ಆ ಹುಡುಗ ಬರೆದಿದ್ದರೆ ಅದನ್ನು ಕೇಳುವ ವ್ಯವಸ್ಥೆ ಅಂದು ಇರಲಿಲ್ಲ. ಇಂದು ಇದೆಯೆಂದು ಹೇಳಲಾಗುತ್ತದೆ. ಅದರ ಸ್ವರೂಪವೇನು ಎಂಬುದೇ ಪ್ರಸ್ತುತ ಚರ್ಚೆಯ ವಿಷಯ.

ಶಾಲಾ ಶಿಕ್ಷಣ ಇಲಾಖೆಯ ‘ಪ್ರತಿಭಾ ಕಾರಂಜಿ’ ಇವುಗಳಲ್ಲಿ ಅತ್ಯಂತ ವ್ಯಾಪಕವಾದದ್ದು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರುವ ಈ ಸ್ಪರ್ಧೆಗಳಲ್ಲಿ ಕಥೆ ಹೇಳುವುದಕ್ಕೂ ಪ್ರಬಂಧಕ್ಕೂ ಜನಪದ ಗೀತೆಗೂ ಸ್ಥಾನವಿದೆ. ಹಳ್ಳಿಯ ಮಗು ವೇದಿಕೆ ಹತ್ತುವ ಧೈರ್ಯವನ್ನು ಇದು ಕೊಟ್ಟಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೂ ಸ್ಪರ್ಧೆಯ ಕಥೆಗೂ ಜಗಲಿಯ ಕಥೆಗೂ ಮೂಲಭೂತ ಅಂತರವಿದೆ. ಜಗಲಿಯ ಕಥೆಗೆ ‘ಹೂಂ’ಗುಟ್ಟುವವರು ಬೇಕು, ಹೂಂಗುಟ್ಟುವವನು ತಡೆದರೆ ಕಥೆ ನಿಲ್ಲುತ್ತದೆ, ಪ್ರಶ್ನಿಸಿದರೆ ಹೊರಳುತ್ತದೆ. ಸ್ಪರ್ಧೆಯಲ್ಲಿ ಹೂಂಗುಟ್ಟುವವರ ಜಾಗದಲ್ಲಿ ಅಂಕಪಟ್ಟಿ ಹಿಡಿದ ತೀರ್ಪುಗಾರರು ಕುಳಿತಿರುತ್ತಾರೆ. ಉಚ್ಚಾರಣೆ, ಹಾವಭಾವ, ಸಮಯಪಾಲನೆಗಳಿಗೆ ಅಂಕ ಬೀಳುತ್ತದೆಯೇ ಹೊರತು ಕಥೆ ಎತ್ತಿದ ಪ್ರಶ್ನೆಗೆ ಉತ್ತರಿಸುವ ಹೊಣೆ ಅಲ್ಲಿ ಯಾರ ಮೇಲೂ ಇರುವುದಿಲ್ಲ. ಮನೆಯ ತೆಲುಗಿನಿಂದ ಶಾಲೆಯ ಕನ್ನಡಕ್ಕೆ ಬರುವ ಮಗುವಿಗೆ ಈ ಅಂಕಪಟ್ಟಿ ಇನ್ನೊಂದು ಸೂಚನೆಯನ್ನೂ ಕೊಡುತ್ತದೆ: ಅಜ್ಜಿ ಹೇಳಿದ ಕಥೆಗಿಂತ ಪುಸ್ತಕದ ಕಥೆ ಕ್ಷೇಮ. ಕೊನೆಯಲ್ಲೊಂದು ನೀತಿವಾಕ್ಯವಿದ್ದರಂತೂ ಇನ್ನೂ ಕ್ಷೇಮ!

ಕಾಲೇಜು ಹಂತದಲ್ಲಿ ಭಿನ್ನವಾದ ಮಾದರಿಯೊಂದನ್ನು ಕಟ್ಟಿದವರು ಚಿ. ಶ್ರೀನಿವಾಸರಾಜು. ಚಿಕ್ಕಬಳ್ಳಾಪುರ ಮೂಲದ ಅವರು ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ 1972ರಲ್ಲಿ ಆರಂಭವಾದ ಕನ್ನಡ ಸಂಘದ ಮೂಲಕ ವಿದ್ಯಾರ್ಥಿಗಳಿಗಾಗಿ ಬೇಂದ್ರೆಯವರ ನೆನಪಿನ ಕವನ ಸ್ಪರ್ಧೆಯನ್ನು ನಡೆಸಿದರು. ಇದೂ ಸ್ಪರ್ಧೆಯೇ. ಆದರೆ ಬಹುಮಾನದ ಘೋಷಣೆಗೆ ನಿಲ್ಲದೆ, ಎಳೆಯರ ಕವಿತೆಗಳನ್ನು ಪುಸ್ತಕವಾಗಿಸಿ ಅಗ್ಗದ ಬೆಲೆಗೆ ಓದುಗರ ಕೈಗಿಟ್ಟದ್ದು ಅದರ ವಿಶೇಷ. ಮುಂದೆ ಕನ್ನಡದಲ್ಲಿ ಹೆಸರಾದ ಹಲವು ಕವಿಗಳು ಈ ದಾರಿಯಲ್ಲಿ ಬಂದವರು. ಇದರ ಮಿತಿಯೆಂದರೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಇದು ದಕ್ಕಿತು ಎಂಬುದು, ಎಸ್.ಎಸ್.ಎಲ್.ಸಿ.ಯಲ್ಲಿ ನಿಂತವರ, ಅದಕ್ಕೂ ಮೊದಲೇ ಮದುವೆಯಾಗಿ ಹೋದವರ ಬರವಣಿಗೆ ಇಲ್ಲಿಗೆ ತಲುಪುವಂತಿರಲಿಲ್ಲ.

ಶಾಲೆಯ ಹೊರಗಿದ್ದವರನ್ನು ಮುಟ್ಟಿದ ಪ್ರಯೋಗವೆಂದರೆ ದುಡಿಯುವ ಮಕ್ಕಳ ‘ಭೀಮ ಸಂಘ’ದ್ದು. 1990ರಲ್ಲಿ ರೂಪುಗೊಂಡ ಈ ಸಂಘದ ಹಿನ್ನೆಲೆಯಲ್ಲಿ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಇತ್ತು. ಇದರ ಮುಂದುವರಿಕೆಯಾಗಿ ಕುಂದಾಪುರದ ಕಡೆ ಬೆಳೆದ ಮಕ್ಕಳ ಪಂಚಾಯತಿಗಳಲ್ಲಿ ಶಾಲೆಯ ದಾರಿ, ಹಳ್ಳ ದಾಟುವ ಕಾಲುಸಂಕದಂತಹ ವಿಷಯಗಳನ್ನು ಮಕ್ಕಳು ತಾವೇ ದಾಖಲಿಸಿ ಹಿರಿಯರ ಮುಂದಿಟ್ಟರು. ಇಲ್ಲಿನ ಕಥನದಲ್ಲಿ ಅಲಂಕಾರವಿಲ್ಲ. ಕೇಳುಗರು ಉತ್ತರಿಸಲೇಬೇಕಾದ ಒತ್ತಡವಿದೆ. 2006ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿದಾಗ ಈ ಬಗೆಯ ಹೇಳಿಕೆಗೆ ಆಡಳಿತದ ಮನ್ನಣೆ ದೊರೆಯಿತು. ಫ್ಲೋರೈಡ್ ಬೆರೆತ ಅಂತರ್ಜಲ, ಬತ್ತಿದ ಕೊಳವೆಬಾವಿ, ದೂರದ ಪ್ರೌಢಶಾಲೆ ಇವೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳು ಸಭೆಯಲ್ಲಿ ಎದ್ದು ಹೇಳಬಹುದಾದ ಕಥೆಗಳು. ಹೇಳಲಾಗದ ಕಥೆಗಳು ಬೇರೆ ಇವೆ.

ವಿಮರ್ಶೆ ನಿಲ್ಲಬೇಕಾದದ್ದು ಇಲ್ಲಿ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಉಸಿರುಗಟ್ಟಿದ ಕಥೆ ಹೊರಬಂದು ಪಾದರಕ್ಷೆಯಾಗುತ್ತದೆ, ಹಾಡು ಅಂಗಿಯಾಗುತ್ತದೆ. ಗಂಡ ಅವನ್ನು ಕಂಡು ಹೆಂಡತಿಯನ್ನು ಶಂಕಿಸುತ್ತಾನೆ. ಹೇಳದೆ ಉಳಿದದ್ದು ಹೇಳಬೇಕಾದವಳ ಮೇಲೆಯೇ ತಿರುಗಿಬೀಳುತ್ತದೆ ಎಂಬ ಅರ್ಥವನ್ನು ಸಾಮಾನ್ಯವಾಗಿ ಇದಕ್ಕೆ ಹಚ್ಚಲಾಗುತ್ತದೆ. ಆದರೆ ಕಥೆಯ ಕೊನೆ ಇನ್ನೂ ಕಟುವಾದದ್ದು: ದೀಪಗಳ ಮಾತು ಕೇಳಿ ಸತ್ಯ ತಿಳಿದ ಗಂಡ ಬಂದು ವಿಚಾರಿಸುವ ಹೊತ್ತಿಗೆ ಅವಳಿಗೆ ಆ ಕಥೆಯೂ ಹಾಡೂ ನೆನಪಿರುವುದಿಲ್ಲ. ಕೇಳುವವರು ತಡವಾಗಿ ಬಂದರೆ ಕಥೆಯೇ ಉಳಿದಿರುವುದಿಲ್ಲ.

ಹೇಳಿದರೂ ಅಪಾಯವಿದೆ. ಬೀಸುವ ಪದಗಳಲ್ಲಿ ಅತ್ತೆಯನ್ನು, ಗಂಡನನ್ನು, ತವರು ಮರೆತ ಅಣ್ಣನನ್ನು ಹೆಣ್ಣುಮಕ್ಕಳು ನಿರ್ಭಯವಾಗಿ ಆಡಿಕೊಂಡರು. ಪದ ಯಾರದೂ ಅಲ್ಲದ್ದರಿಂದ ಹಾಡಿದವಳನ್ನು ಯಾರೂ ಹಿಡಿಯುವಂತಿರಲಿಲ್ಲ. ಅನಾಮಿಕತೆಯನ್ನು ಜಾನಪದದ ಲಕ್ಷಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಹಾಡುವವಳ ರಕ್ಷಣೆಯೂ ಆಗಿತ್ತೆಂಬುದನ್ನು ಹೇಳುವುದು ಕಡಿಮೆ. ಇಂದಿನ ವೇದಿಕೆಗಳು ಈ ಮರೆಯನ್ನು ಕಿತ್ತುಹಾಕಿ ಹೆಸರು, ತರಗತಿ, ಶಾಲೆ, ಭಾವಚಿತ್ರಗಳೊಡನೆ ಬರವಣಿಗೆಯನ್ನು ಪ್ರಕಟಿಸುತ್ತವೆ. ಕವಿತೆ ಮಳೆಯ ಬಗ್ಗೆ ಇದ್ದರೆ ಇದರಿಂದ ತೊಂದರೆಯಿಲ್ಲ. ಬಾಲ್ಯವಿವಾಹದ ಮಾತುಕತೆಯನ್ನೋ ಕೇರಿಯ ಅವಮಾನವನ್ನೋ ಬರೆದ ಹುಡುಗಿ ಮರುದಿನವೂ ಅದೇ ಊರಿನಲ್ಲಿ ನೀರು ಹಿಡಿಯಬೇಕು. 2009ರಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆಯ ಮಲಾಲಾಳ ದಿನಚರಿಯನ್ನು ಬಿಬಿಸಿಯ ಉರ್ದು ವಿಭಾಗ ಗುಲ್ ಮಕಾಯಿ ಎಂಬ ಕಲ್ಪಿತ ಹೆಸರಿನಲ್ಲಿ ಹೊರತಂದಿತ್ತು. ನೊಂದ ಮಕ್ಕಳ ಗುರುತನ್ನು ಬಹಿರಂಗಪಡಿಸಬಾರದೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. ಕಾನೂನಿಗೆ ತಿಳಿದ ಈ ಎಚ್ಚರ ಶಾಲಾ ಸಂಚಿಕೆಗಳ ಸಂಪಾದಕರಿಗೂ ತಿಳಿದಿರಬೇಕಾಗಿತ್ತು.

ಎಳೆಯರ ಕಥೆ ಸಮಾಜವನ್ನು ಬದಲಿಸುತ್ತದೆಂಬ ಘೋಷಣೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಬದಲಾವಣೆಯ ಭಾರವನ್ನು ಹದಿನೈದರ ಹೆಗಲಿಗೆ ಹೊರಿಸಿ ಹಿರಿಯರು ಚಪ್ಪಾಳೆ ತಟ್ಟಿ ಎದ್ದುಹೋಗುವ ಏರ್ಪಾಡು ನ್ಯಾಯವಾದುದಲ್ಲ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಸಂಗಾತಿಗಳು ಕಟ್ಟಿದ ‘ಆದಿಮ’ ಇದಕ್ಕೆ ಬೇರೆ ದಾರಿ ಹಿಡಿಯಿತು. ಹುಣ್ಣಿಮೆಯ ಹಾಡು, ಮಕ್ಕಳ ರಂಗಶಿಬಿರಗಳಲ್ಲಿ ಒಬ್ಬರ ಅನುಭವ ಗುಂಪಿನ ಅಭಿನಯವಾಗಿ ಮಾರ್ಪಡಲು ಅವಕಾಶವಿದೆ. ಹೇಳಿದವರು ಯಾರೆಂಬುದು ಕರಗಿ, ಹೇಳಿದ್ದು ಉಳಿಯಬಲ್ಲದು. ಬೀಸುವ ಪದದ ಮರೆಗೆ ಇಂದು ಹತ್ತಿರವಿರುವ ರೂಪ ಇದು.

ತೊಂಡೇಬಾವಿಯಂತಹ ಹೋಬಳಿಗೆ ಸಂಬಂಧಿಸಿ ಹೇಳುವುದಾದರೆ ಹೊಸ ಸಂಸ್ಥೆಯೇನೂ ಬೇಕಿಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ಅಲ್ಲಿ ಮಕ್ಕಳು ಓದುವುದಕ್ಕೆ ಕಪಾಟುಗಳಿವೆ. ಅವರು ಬರೆದದ್ದನ್ನು ಇಡಲು ಒಂದು ಕಪಾಟು, ತೆಲುಗು ಬೆರೆತ ಕನ್ನಡವನ್ನು ತಿದ್ದದೆ ಹಾಗೆಯೇ ಸ್ವೀಕರಿಸುವ ಗ್ರಂಥಪಾಲಕರು, ಹೆಸರು ಹಾಕುವ ಅಥವಾ ಮುಚ್ಚುವ ಹಕ್ಕು ಬರೆದವರದೇ ಎಂಬ ಒಂದು ಸಾಲಿನ ನಿಯಮ ಇಷ್ಟು ಸಾಕು. ವಕ್ತೃವಿನ ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಕೆಯನ್ನು ಹೊರಗೆ ಕೊಡಬಾರದೆಂಬುದು ಜಾನಪದ ಕ್ಷೇತ್ರಕಾರ್ಯದ ಶಿಸ್ತು; ಅದನ್ನು ಈ ಕಪಾಟಿಗೂ ಅನ್ವಯಿಸಬಹುದು. ಅಲ್ಲಿ ಸಂಗ್ರಹವಾದದ್ದನ್ನು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯಲ್ಲಿ, ಹೆಸರು ಹೇಳದೆ, ಹಿರಿಯರೊಬ್ಬರು ಓದಬೇಕು. ಪಂಚಾಯತಿಯ ನಡಾವಳಿ ಪುಸ್ತಕದಲ್ಲಿ ಆ ಓದಿಗೆ ಎದುರಾಗಿ ಉತ್ತರದ ಅಂಕಣವೊಂದು ಇರಬೇಕು.