ಹಿಂದಿನ ಬೀದಿಗೆ, ವಯಾ ಬೆಂಗಳೂರು

ಹಿಂದಿನ ಮಳೆಗಾಲದಲ್ಲಿ ಕೊತ್ತಗೆರೆಯ ನಮ್ಮ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಬೆಳಗಿನ ಜಾವ ನಾಲ್ಕು ಗಂಟೆ, ಮನೆಯಲ್ಲಿ ಅವರೊಬ್ಬರೇ. ತೆವಳಿಕೊಂಡು ನಡುಮನೆಗೆ ಬಂದು ಫೋನ್ ಎತ್ತಿದರೆ ಡಯಲ್ ಟೋನ್ ಇಲ್ಲ. ನಮ್ಮ ಮನೆ ಇರೋದು ಹಿಂದಿನ ಬೀದಿಯಲ್ಲಿ. ಆರೂವರೆಗೆ ಅಪ್ಪ ಹಾಲು ಕೊಡೋಕೆ ಹೋದಾಗಲೇ ವಿಷಯ ಗೊತ್ತಾಗಿದ್ದು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪ ಕೇಳಿದ್ದು: ‘ಮೂರು ದಿನದಿಂದ ಫೋನ್ ಸತ್ತೈತೆ ಕಣ್ಲಾ. ಕುಣಿಗಲ್ ಕಡೆ ರೋಡ್ ಅಗೆಯೋವಾಗ ಜೆಸಿಬಿಯವ್ರು ಕೇಬಲ್ ಕಿತ್ತಾಕವ್ರಂತೆ. ಸರಿ, ಬೆಂಗಳೂರಿಗೆ ಹೋಗ್ದಿದ್ರೆ ಬೇಡ. ಹಿಂದಿನ ಬೀದಿಗೆ ಯಾಕ್ಲಾ ಹೋಗಲ್ಲ?’

ಬಿಇ ಓದಿ, ಹತ್ತು ವರ್ಷ ಟೆಲಿಕಾಂ ಸಾಫ್ಟ್‌ವೇರ್ ಬರೆದವನು ನಾನು. ಉತ್ತರ ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ.

ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1984ರಲ್ಲಿ ಸಿ-ಡಾಟ್ ಶುರುವಾದಾಗ ಅದಕ್ಕೆ ಕೊಟ್ಟಿದ್ದು 36 ತಿಂಗಳು, 36 ಕೋಟಿ ರೂಪಾಯಿ. ಸ್ಯಾಮ್ ಪಿತ್ರೋಡಾ ಮತ್ತು ಅವರ ಹುಡುಗರು ಮಾಡಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಅದರ ಹೆಚ್ಚುಗಾರಿಕೆ ವೇಗ ಅಲ್ಲ. ಎಸಿ ಬೇಡ ಅನ್ನೋದು. ಧೂಳು, ಸೆಕೆ, ಹೋಗಿ ಬರುವ ಕರೆಂಟು, ಇವೆಲ್ಲ ಇರುತ್ತೆ ಅಂತ ಮೊದಲೇ ಒಪ್ಪಿಕೊಂಡು ಕಟ್ಟಿದ ಯಂತ್ರ. ಇನ್ನೊಂದು ಗುಣ ಆಗ ಯಾರಿಗೂ ವಿಶೇಷ ಅನ್ನಿಸಿರಲಿಕ್ಕಿಲ್ಲ: ಊರೊಳಗಿನ ಕರೆಯನ್ನ ಅದು ಊರೊಳಗೇ ಜೋಡಿಸುತ್ತಿತ್ತು. ಹೊರಗಿನ ಲೈನ್ ಸತ್ತರೂ ಊರಿನ ಫೋನುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಇರುತ್ತಿದ್ದವು.

ಹಳೇದೆಲ್ಲ ಚಿನ್ನ ಅಂತಲ್ಲ. ಸಿಡಿಲು ಬಡಿದರೆ ಕಾರ್ಡ್ ಸುಟ್ಟುಹೋಗೋದು, ಬ್ಯಾಟರಿ ಕೈಕೊಡೋದು, ಹೊಸ ಕನೆಕ್ಷನ್ನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯೋದು, ಎಲ್ಲ ಇತ್ತು. ಲೈನ್‌ಮನ್‌ಗೆ ಎಳನೀರು ಕೊಟ್ಟು ಕಂಬ ಹತ್ತಿಸಿದ ಮನೆಯವನೇ ನಾನು.

ಆಮೇಲೆ ಬಂದಿದ್ದು ಸಾಫ್ಟ್‌ಸ್ವಿಚ್. ಮಾತನ್ನ ಇಂಟರ್ನೆಟ್ಟಿನ ಪ್ಯಾಕೆಟ್ ಮಾಡಿ ಕಳಿಸೋದು. ಊರಲ್ಲಿ ಉಳಿಯೋದು ಗೇಟ್‌ವೇ ಅನ್ನೋ ಸಣ್ಣ ಡಬ್ಬ. ಬುದ್ಧಿಯೆಲ್ಲ ದೂರದ ಸಿಟಿಯ ಸರ್ವರಿನಲ್ಲಿ. ನೀವು ರಿಸೀವರ್ ಎತ್ತಿದರೆ ಡಬ್ಬ ಅಲ್ಲಿಗೆ ‘ಇವರು ಎತ್ತಿದಾರೆ, ಏನು ಮಾಡಲಿ?’ ಅಂತ ಕೇಳುತ್ತೆ. ‘ಡಯಲ್ ಟೋನ್ ಕೊಡು, ನಂಬರ್ ತಗೋ’ ಅಂತ ಅಲ್ಲಿಂದ ಅಪ್ಪಣೆ ಬರಬೇಕು. ಮಾತು ಬೇಕಾದರೆ ಊರೊಳಗೇ ಹರಿಯಬಹುದು, ಅಪ್ಪಣೆ ಮಾತ್ರ ಬೆಂಗಳೂರಿನಿಂದಲೇ. ದಾರಿಯಲ್ಲಿ ಫೈಬರ್ ಕಡಿದರೆ ಡಬ್ಬ ಕರೆಂಟಿದ್ದೂ ಮೂಗ.

ಇದು ತಂತ್ರಜ್ಞಾನದ ಹಣೆಬರಹ ಅಂದ್ಕೋಬೇಡಿ. ಸರ್ವರ್ ಸಿಗದಿದ್ದಾಗ ಊರೊಳಗಿನ ಕರೆಯನ್ನ ತಾನೇ ಜೋಡಿಸೋ ಗೇಟ್‌ವೇಗಳನ್ನ ಮಾಡೋಕಾಗುತ್ತೆ, ಮಾಡಿದಾರೆ ಕೂಡ. ಅದು ಇರಬೇಕೋ ಬೇಡವೋ ಅನ್ನೋದು ತೀರ್ಮಾನ ಆಗೋದು ಟೆಂಡರಿನಲ್ಲಿ. ನನ್ನ ತಕರಾರು ಇರೋದು ಅಲ್ಲಿ.

ಟೆಂಡರ್ ಅಂದರೆ ನೂರಾರು ಪುಟ. ಪೀಕ್ ಗಂಟೆಯಲ್ಲಿ ಎಷ್ಟು ಕರೆ ತಡೀಬೇಕು, ಎಷ್ಟು ಎರ್ಲಾಂಗ್ ಟ್ರಾಫಿಕ್, ಯಾವ ಕೋಡೆಕ್, ಎಲ್ಲ ಇರುತ್ತೆ. 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶ ಬಂದ ಮೇಲೆ ಎಷ್ಟು ಭಾಗ ಇಲ್ಲಿಯದು ಅಂತ ಲೆಕ್ಕ ಕೊಡಬೇಕು. 2021ರ ಜೂನ್ 15ರಿಂದ ಡಬ್ಬ ನಂಬಿಕಸ್ಥ ಮೂಲದ್ದಾ ಅನ್ನೋದಕ್ಕೂ ಒಪ್ಪಿಗೆ ಬೇಕು. ಬೇಕಾದ ಪ್ರಶ್ನೆಗಳೇ, ಸರಿ. ಡಬ್ಬದ ಕುಲಗೋತ್ರವನ್ನ ಇಷ್ಟು ವಿಚಾರಿಸೋ ನಾವು, ಅದು ತಂತಿಯ ಆ ಕೊನೆಯಲ್ಲಿ ಒಂಟಿಯಾಗಿ ಬದುಕುತ್ತಾ ಅಂತ ಮಾತ್ರ ಗಟ್ಟಿಯಾಗಿ ಕೇಳಲ್ಲ.

99.999 ಅನ್ನೋ ಮಂತ್ರ ನೋಡಿ. ಸ್ವಿಚ್ ವರ್ಷಕ್ಕೆ ಶೇಕಡಾ 99.999 ಹೊತ್ತು ಎದ್ದಿರಬೇಕು, ಅಂದರೆ ವರ್ಷಕ್ಕೆ ಐದೂಕಾಲು ನಿಮಿಷ ಮಾತ್ರ ಮಲಗಬಹುದು. ಓದೋಕೆ ಎಷ್ಟು ಚಂದ! ಆದರೆ ಅಳೆಯೋದು ಸಿಟಿಯ ಸರ್ವರನ್ನ. ದೊಡ್ಡಮ್ಮನ ಫೋನ್ ಸತ್ತಿದ್ದು ಮೂರು ದಿನ, 4,320 ನಿಮಿಷ. ಎಂಟುನೂರು ವರ್ಷದ ಕೋಟಾ ಒಂದೇ ಸಲಕ್ಕೆ ಖರ್ಚು. ಆ ಮೂರೂ ದಿನ ಸರ್ವರ್ ಒಂದು ಸೆಕೆಂಡೂ ನಿಂತಿರಲಿಕ್ಕಿಲ್ಲ. ಕಾಗದದಲ್ಲಿ ನೂರಕ್ಕೆ ನೂರು ಅಂಕ.

ಬಾಯಿ ಬರದಿದ್ದಕ್ಕೆ ಕಾರಣವನ್ನೂ ಹೇಳಿಬಿಡ್ತೀನಿ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ನನ್ನ ಆಗಿನ ಕಂಪನಿ ಹೊರದೇಶದ ಒಂದು ಟೆಲಿಫೋನ್ ಕಂಪನಿಗೆ ಗೇಟ್‌ವೇ ಮಾರೋಕೆ ಹೊರಟಿತ್ತು. ಕಂಪ್ಲಯನ್ಸ್ ಶೀಟ್ ತುಂಬೋ ಕೆಲಸ ನನಗೆ ಬಿತ್ತು. ಅಂಥ ಕೆಲಸ ಯಾವಾಗಲೂ ಜೂನಿಯರ್ ತಲೆಗೇ ಬೀಳೋದು. ಒಂದೊಂದು ಷರತ್ತಿನ ಮುಂದೆ ‘ಇದೆ’, ‘ಅರ್ಧ ಇದೆ’, ‘ಇಲ್ಲ’ ಬರೀಬೇಕು. ‘ಸರ್ವರ್ ಸಂಪರ್ಕ ತಪ್ಪಿದಾಗ ಸ್ಥಳೀಯ ಕರೆ ನಡೆಯಬೇಕು’ ಅನ್ನೋ ಸಾಲಿನ ಪಕ್ಕ ‘ಇದ್ದರೆ ಒಳ್ಳೇದು’ ಅಂತಿತ್ತು. ಕಡ್ಡಾಯ ಅಂತಿರಲಿಲ್ಲ. ನಮ್ಮ ಹತ್ತಿರ ಆ ಕೋಡ್ ಅರ್ಧ ಬರೆದಿತ್ತು. ಮುಗಿಸೋಕೆ ಟೆಸ್ಟಿಂಗ್ ಸೇರಿ ಇಬ್ಬರ ಮೂರು ತಿಂಗಳು ಬೇಕಿತ್ತು. ಮ್ಯಾನೇಜರ್ ‘ಆಪ್ಷನಲ್ ತಾನೇ? ರೋಡ್‌ಮ್ಯಾಪಲ್ಲಿದೆ ಅಂತ ಹಾಕು ಮಾರಾಯ’ ಅಂದರು. ಹಾಕಿದೆ. ಟೆಂಡರ್ ಗೆದ್ದೆವು, ಪಾರ್ಟಿ ಆಯ್ತು. ನಾನು ಆ ಕಂಪನಿ ಬಿಡೋವರೆಗೂ ಆ ಕೋಡ್ ಅರ್ಧವೇ ಇತ್ತು.

ಮ್ಯಾನೇಜರನ್ನ ಬೈಯೋದು ಸುಲಭ. ಆದರೆ ಎಲ್ಲಕ್ಕಿಂತ ಕಡಿಮೆ ರೇಟು ಹಾಕಿದವನು ಎಲ್‌1 ಆಗಿ ಗೆಲ್ಲೋ ಆಟದಲ್ಲಿ, ಲೈನಿಗೆ ಇಷ್ಟು ರೂಪಾಯಿ ಅಂತ ತೂಗೋವಾಗ, ಕಡ್ಡಾಯವಲ್ಲದ್ದನ್ನ ಮಾಡಿಕೊಟ್ಟವನು ಸೋಲ್ತಾನೆ. ಬರೀ ‘ಇದ್ದರೆ ಒಳ್ಳೇದು’ ಅಂತ ಬರೆದು, ಅದಕ್ಕೆ ಅಂಕವನ್ನೂ ಇಡದಿದ್ದರೆ, ಕೊಳ್ಳೋರ ಭಾಷೆಯಲ್ಲಿ ಅದರ ಅರ್ಥ ‘ಬೇಡ’ ಅಂತಲೇ.

‘ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕ್ರೀ, ಮೊಬೈಲ್ ಕೊಡಿಸಿ’ ಅಂತ ನೀವು ಕೇಳ್ತೀರ. ದೊಡ್ಡಮ್ಮನಿಗೆ ಕಣ್ಣಿನ ಪೊರೆ, ಟಚ್ ಸ್ಕ್ರೀನ್ ಆಗಲ್ಲ, ಗುಂಡಿ ಫೋನಿಗೆ ಚಾರ್ಜ್ ಹಾಕೋದು ಮರೀತಾರೆ. ಅದಿರಲಿ, ಮೊಬೈಲೂ ಇದೇ ಜಾತಿಯದ್ದೇ. ಟವರ್ ಊರಲ್ಲಿದ್ದರೂ ಅದರ ಬುದ್ಧಿ ಇನ್ನೆಲ್ಲೋ. ಟವರಿನಿಂದ ಹೊರಡೋ ದಾರಿ ಕಡಿದರೆ ಪಕ್ಕದಲ್ಲಿ ನಿಂತವನಿಗೂ ಕಾಲ್ ಹೋಗಲ್ಲ.

ಸರ್ವರನ್ನ ಸಿಟಿಯಲ್ಲಿಡೋದಕ್ಕೆ ಒಳ್ಳೆ ಕಾರಣಗಳಿವೆ, ನಾನು ಅಲ್ಲಗಳೆಯಲ್ಲ. ಊರೂರಿಗೆ ಎಂಜಿನಿಯರ್ ಓಡಬೇಕಿಲ್ಲ, ಸಾಫ್ಟ್‌ವೇರನ್ನ ಒಂದೇ ಕಡೆ ಬದಲಿಸಿದರೆ ಸಾಕು. ಸಿ-ಡಾಟ್ ಕೂಡ ಮ್ಯಾಕ್ಸ್-ಎನ್‌ಜಿ ಅಂತ ತನ್ನ ಹಳೇ ಎಕ್ಸ್‌ಚೇಂಜುಗಳನ್ನ ಐಪಿಗೆ ತರೋ ದಾರಿ ಮಾಡಿತು, ಅದೂ ಇದ್ದ ಸಾಮಾನನ್ನ ಪೂರ್ತಿ ಎಸೆಯದೆ. ಸಾಮಾನು ಉಳಿಸೋಕೆ ಅಷ್ಟು ತಲೆ ಓಡಿಸಿದ ನಾಡು, ಆ ಹಳೇ ಯಂತ್ರದ ಗುಣವನ್ನ ಉಳಿಸು ಅಂತ ಟೆಂಡರಿನಲ್ಲಿ ಒಂದು ಸಾಲು ಸೇರಿಸಬಹುದಲ್ವಾ?

ಒಪ್ಪಿಸಿಕೊಳ್ಳೋ ದಿನ ಒಂದು ಪರೀಕ್ಷೆ ಮಾಡಲಿ. ಸಿಟಿಯ ಲ್ಯಾಬಿನಲ್ಲಿ ಬೇಡ, ಕೊತ್ತಗೆರೆಯಂಥ ಊರಲ್ಲಿ. ಹೊರಗೆ ಹೋಗೋ ಫೈಬರನ್ನ ಕಿತ್ತು ಕೈಯಲ್ಲಿ ಹಿಡ್ಕೊಳ್ಳಲಿ. ಆಮೇಲೆ ಮುಂದಿನ ಬೀದಿಯಿಂದ ಹಿಂದಿನ ಬೀದಿಗೆ ಫೋನ್ ಮಾಡಲಿ. ಗಂಟೆ ಹೊಡೆದರೆ ದುಡ್ಡು ಬಿಡುಗಡೆ.

ದೊಡ್ಡಮ್ಮ ಈಗ ವಾಕರ್ ಹಿಡಿದು ಓಡಾಡ್ತಾರೆ. ನಡುಮನೆಯ ಫೋನ್ ಹಾಗೇ ಇದೆ. ಅದರ ಜೊತೆಗೆ ಅಪ್ಪ ಅವರ ಕಿಟಕಿಯಿಂದ ನಮ್ಮ ಹಿತ್ತಿಲವರೆಗೂ ವೈರ್ ಎಳೆದು ಕರೆಗಂಟೆ ಹಾಕಿದಾರೆ. ಖರ್ಚು ಆರುನೂರು ರೂಪಾಯಿ ಚಿಲ್ಲರೆ.